ಎನರ್ಜಿ ಲ್ಯಾಬ್ ನಡೆಸುವವರು ಎನರ್ಜಿಯನ್ನೇ ಓದಿರಬೇಕಾ?

ಹಾಸನದ ಹುಡುಗ:

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ತಲೆ ಕೊರೆಯುತ್ತಿರುವ ವಿಷಯ ಇದು, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ಥರ್ಮಲ್ ಇಂಜಿನಿಯರಿಂಗ್‌ನಲ್ಲಿ ಎಂಟೆಕ್ ಮುಗಿಯಿತು. ಪಿಎಚ್‌ಡಿಗೆ ಎರಡು ಕಡೆ ಕರೆದಿದ್ದಾರೆ. ಹೆಸರು ಬೇಡ. ಒಂದು, ಯೂನಿವರ್ಸಿಟಿಯ ಎನರ್ಜಿ ಲ್ಯಾಬ್. ಅಲ್ಲಿ ಈಗ ಮುಖ್ಯಸ್ಥರಾಗಿರುವವರು ಓದಿದ್ದು ಫಿಸಿಕ್ಸ್, ಅದೂ ಲೇಸರ್ ಮೇಲೆ. ಅವರ ಹಿಂದಿನವರು ಏರೋಸ್ಪೇಸ್. ಬಯೋಮಾಸ್ ಗುಂಪು ನೋಡಿಕೊಳ್ಳುವವರು ಗಿಡಮರದ ಬಗ್ಗೆ ಓದಿದವರು. ಎನರ್ಜಿಯನ್ನೇ ಓದಿದವರು ಒಬ್ಬರೂ ಇಲ್ಲ. ಎರಡನೇ ಕಡೆ ಮುಖ್ಯಸ್ಥರು ಬಿಇಯಿಂದ ಹಿಡಿದು ಪಿಎಚ್‌ಡಿವರೆಗೆ ಪವರ್ ಸಿಸ್ಟಮ್ಸ್, ಅಂದರೆ ಕರೆಂಟು ತಯಾರಿಸಿ ಹಂಚುವ ವ್ಯವಸ್ಥೆ, ಅದನ್ನು ಬಿಟ್ಟು ಬೇರೆ ಮುಟ್ಟಿಲ್ಲ.

ನಮ್ಮ ಚಿಕ್ಕಪ್ಪ, "ಮೊದಲನೆಯದು ಬೇಡ, ಬೇರೆ ಕಡೆಯಿಂದ ಬಂದವರು ನಿನಗೆ ಏನು ಕಲಿಸುತ್ತಾರೆ" ಅಂದರು. ನನಗೆ ಮಾತ್ರ ಮೊದಲನೆಯದರ ಕಡೆಗೇ ಮನಸ್ಸು. ಐದು ವರ್ಷದ ಮಾತು ಇದು. ಇಂಥ ಲ್ಯಾಬುಗಳನ್ನು ಹತ್ತಿರದಿಂದ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ನಡೆಸುವವರು ಎಲ್ಲಿಂದ ಬಂದರು ಅನ್ನುವುದು ಅಷ್ಟು ಮುಖ್ಯವಾ?

ಸಬ್‌ಸ್ಟೇಷನ್ ಎಇ:

ತಮ್ಮಾ, ನಿಮ್ಮ ಚಿಕ್ಕಪ್ಪ ಹೇಳಿದ್ದೇ ಸರಿ. ಹತ್ತೊಂಬತ್ತು ವರ್ಷದಿಂದ ಲೈನು, ಟ್ರಾನ್ಸ್‌ಫಾರ್ಮರ್, ಫೀಡರ್ ಅಂತ ಓಡಾಡಿದವನು ನಾನು. ಕರೆಂಟು ಅಂದರೆ ಏನು ಅನ್ನುವುದು ಅದರ ಜೊತೆ ಬದುಕಿದವರಿಗೇ ಗೊತ್ತು. ಒಮ್ಮೆ ಒಂದು ಕಾಲೇಜಿನ ತಂಡ ನಮ್ಮ ಸೆಕ್ಷನ್ನಿನ ಒಂದು ಹಳ್ಳಿಗೆ ಸೋಲಾರ್ ಪಂಪು ಹಾಕಿಸಿತು. ಮೋಟಾರು ಚೆನ್ನಾಗಿತ್ತು, ಪ್ಯಾನೆಲ್ಲೂ ಚೆನ್ನಾಗಿತ್ತು. ಬೇಸಿಗೆಯಲ್ಲಿ ಬೋರ್‌ವೆಲ್ ನೀರು ಎಷ್ಟು ಕೆಳಗೆ ಹೋಗುತ್ತದೆ ಅನ್ನುವುದನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮಾರ್ಚಿನಲ್ಲಿ ನೀರು ನಿಂತಿತು. ಊರಿನವರು ಬಂದು ಬೈದಿದ್ದು ನನ್ನನ್ನು. ಹೊಲ, ಬಾವಿ, ಲೋಡು ಗೊತ್ತಿಲ್ಲದವರು ಲ್ಯಾಬ್ ನಡೆಸಿದರೆ ಹೀಗೇ ಆಗುವುದು. ನೀನು ಪವರ್ ಸಿಸ್ಟಮ್ಸ್ ಮೇಷ್ಟ್ರ ಹತ್ತಿರ ಹೋಗು.

ತುಮಕೂರು ಕೆಮಿಸ್ಟ್ರಿ ಮೇಷ್ಟ್ರು:

ಎಇ ಸಾಹೇಬರ ಸಿಟ್ಟು ನ್ಯಾಯವಾದದ್ದೇ. ಆದರೆ ನಮ್ಮದೇ ಊರಿನ ಕಥೆ ಒಂದಿದೆ, ಅದನ್ನು ಹೇಳದೆ ಸುಮ್ನೆ ಇರುವುದಕ್ಕೆ ಆಗುವುದಿಲ್ಲ.

ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಅಂತ ಒಂದು ಗುಂಪು ಶುರುವಾಯಿತು. ಹಳ್ಳಿಗೆ ಬೇಕಾದ ವಿಜ್ಞಾನ, ತಂತ್ರಜ್ಞಾನ ಮಾಡುವುದು ಅದರ ಕೆಲಸ. ಅದನ್ನು ಕಟ್ಟಿದವರು ಅಮೂಲ್ಯ ರೆಡ್ಡಿಯವರು. ಅವರು ಏನು ಓದಿದ್ದರು ಗೊತ್ತಾ? ಎಲೆಕ್ಟ್ರೋಕೆಮಿಸ್ಟ್ರಿ, ಅಂದರೆ ವಿದ್ಯುತ್ತಿಗೂ ರಾಸಾಯನಿಕ ಕ್ರಿಯೆಗೂ ಇರುವ ನಂಟು. ಹುಟ್ಟಿದ್ದು ಬೆಂಗಳೂರಿನಲ್ಲೇ, 1930ರಲ್ಲಿ. ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಪಿಎಚ್‌ಡಿ ಮಾಡಿ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕೆಲಸ ಮಾಡಿ ವಾಪಸ್ ಬಂದವರು. ಅದೇ ವಿಷಯದ ವಿಜ್ಞಾನಿ ಬಾಕ್ರಿಸ್ ಅವರ ಜೊತೆ ಸೇರಿ ಬರೆದ ಎರಡು ಸಂಪುಟದ ಪಠ್ಯಪುಸ್ತಕ 1970ರಲ್ಲಿ ಬಂತು. ನಾನು ಎಂಎಸ್ಸಿ ಓದುವಾಗ ಅದನ್ನು ಲೈಬ್ರರಿಯಲ್ಲಿ ಸರದಿಯಲ್ಲಿ ಕಾದು ಓದಿದ್ದೇನೆ. ಅಯಾನು, ಎಲೆಕ್ಟ್ರೋಡು, ಅದೇ ಅವರ ಲೋಕ. ಅಲ್ಲೇ ಉಳಿದಿದ್ದರೂ ದೊಡ್ಡ ಹೆಸರೇ ಬರುತ್ತಿತ್ತು.

ಅಂಥವರು ನಮ್ಮ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹಳ್ಳಿಗಳಿಗೆ ಹೋಗಿ ಕೂತರು. ಅವರು ಮತ್ತು ಅವರ ಜೊತೆಯವರು ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಲೆಕ್ಕ ಹಾಕಿದರು. ಸೌದೆ ಎಷ್ಟು, ಎಲ್ಲಿಂದ, ತರುವವರು ಯಾರು, ಎಷ್ಟು ಹೊತ್ತು ನಡೆಯುತ್ತಾರೆ, ನೀರಿಗೆ ಎಷ್ಟು ಹೊತ್ತು, ದನ ಎಷ್ಟು, ಸಗಣಿ ಎಷ್ಟು. ಆಗ ದೇಶದಲ್ಲಿ ಎನರ್ಜಿ ಅಂದರೆ ಕಲ್ಲಿದ್ದಲು, ಎಣ್ಣೆ, ಕರೆಂಟು. ಈ ಹಳ್ಳಿಗಳಲ್ಲಿ ನೋಡಿದರೆ ಬಹುಪಾಲು ಸೌದೆ, ಅದೂ ಅಡುಗೆಗೆ. ಕರೆಂಟು, ಸೀಮೆಎಣ್ಣೆ ಎರಡೂ ಸೇರಿ ಚೂರುಪಾರು. ಸೌದೆ, ನೀರು ಹೊರುವುದರಲ್ಲಿ ಹೆಚ್ಚಿನ ಪಾಲು ಹೆಂಗಸರದು, ಮಕ್ಕಳದು.

ನನಗೆ ಅನ್ನಿಸುವುದು ಇದು. ಒಳಗೆ ಹೋದದ್ದು ಎಷ್ಟು, ಹೊರಗೆ ಬಂದದ್ದು ಎಷ್ಟು ಅಂತ ತಾಳೆ ಹಾಕದೆ ಒಬ್ಬ ಕೆಮಿಸ್ಟ್ ನಿದ್ದೆ ಮಾಡುವುದಿಲ್ಲ. ಆ ಅಭ್ಯಾಸವನ್ನೇ ರೆಡ್ಡಿಯವರು ಊರಿಗೆ ಹಿಡಿದುಕೊಂಡು ಹೋದರು. ಪವರ್ ಇಂಜಿನಿಯರ್ ಆಗಿದ್ದರೆ ಮೊದಲು ಮೀಟರ್ ಹುಡುಕುತ್ತಿದ್ದರು. ಮೀಟರ್ ಇಲ್ಲದ ಮನೆಯಲ್ಲಿ ಎನರ್ಜಿಯೇ ಇಲ್ಲ ಅಂದುಕೊಂಡು ಬರುತ್ತಿದ್ದರೋ ಏನೋ. ಇದನ್ನು ತಪ್ಪು ಹುಡುಕುವುದಕ್ಕೆ ಹೇಳುತ್ತಿಲ್ಲ. ಯಾವ ಓದಿನಿಂದ ಬಂದರೆ ಯಾವುದು ಕಣ್ಣಿಗೆ ಬೀಳುತ್ತದೆ ಅನ್ನುವುದನ್ನು ಹೇಳುತ್ತಿದ್ದೇನೆ.

ಸಬ್‌ಸ್ಟೇಷನ್ ಎಇ:

ಮೇಷ್ಟ್ರೇ, ಲೆಕ್ಕ ಹಾಕಿದ್ದು ಸರಿ. ಊರಿಗೆ ಏನು ಸಿಕ್ಕಿತು? ಲೆಕ್ಕದಿಂದ ಹೊಟ್ಟೆ ತುಂಬುವುದಿಲ್ಲ.

ತುಮಕೂರು ಕೆಮಿಸ್ಟ್ರಿ ಮೇಷ್ಟ್ರು:

ಕೇಳಬೇಕಾದ್ದನ್ನೇ ಕೇಳಿದ್ದೀರಿ. ಪುರ ಅಂತ ಒಂದು ಹಳ್ಳಿ. ಮೊದಲು ಅಲ್ಲಿ ಊರಿಗೆಲ್ಲ ಸೇರಿ ಒಂದು ದೊಡ್ಡ ಗೋಬರ್ ಗ್ಯಾಸ್ ಕಟ್ಟಿ, ಎಲ್ಲರ ಮನೆಗೂ ಅಡುಗೆ ಗ್ಯಾಸ್ ಕೊಡುವ ಯೋಚನೆ ಇತ್ತು. ಅದು ನಡೆಯಲಿಲ್ಲ. ಊರಿನ ಸಗಣಿ ಅಷ್ಟು ಮನೆಗಳ ಅಡುಗೆಗೆ ಸಾಲಲಿಲ್ಲ. ಇಲ್ಲಿಗೇ ಬಿಟ್ಟು ವಾಪಸ್ ಹೋಗಿದ್ದರೆ ನಿಮ್ಮ ಸೋಲಾರ್ ಪಂಪಿನ ಕಥೆಯೇ ಇದೂ ಆಗುತ್ತಿತ್ತು.

ಅವರು ವಾಪಸ್ ಹೋಗಲಿಲ್ಲ. ಊರಿಗೆ ನಿಜವಾಗಿ ಬೇಕಾಗಿದ್ದುದು ಕುಡಿಯುವ ನೀರು ಅನ್ನುವುದು ಗೊತ್ತಾಯಿತು. 1987ರಲ್ಲಿ ಅದೇ ಗ್ಯಾಸಿನಿಂದ ಸುಮಾರು 5 ಕಿಲೋವ್ಯಾಟ್‌ನ ಡೀಸೆಲ್ ಇಂಜಿನ್ ಓಡಿಸಿ ನೀರು ಎತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದು ಹಾಕಿದವರಿಗೆ ಕಿಲೋಗೆ 2 ಪೈಸೆ. ಗ್ಯಾಸ್ ತೆಗೆದ ಮೇಲೆ ಉಳಿದ ಬಗ್ಗಡ ವಾಪಸ್ ಅವರಿಗೇ, ಗೊಬ್ಬರಕ್ಕೆ. ನಡೆಸಿದ್ದು ಊರಿನ ಹುಡುಗರೇ. ಇಡೀ ಯೋಜನೆ ಅಡುಗೆಯಿಂದ ನೀರಿಗೆ ತಿರುಗಿತು ನೋಡಿ. ಮುಖ್ಯಸ್ಥರ ಡಿಗ್ರಿಯಿಂದ ಆ ತಿರುವು ಬರುವುದಿಲ್ಲ. ನಾನು ಹಾಕಿದ ಪ್ರಶ್ನೆಯೇ ಸರಿಯಿಲ್ಲ ಅಂತ ಒಪ್ಪಿಕೊಳ್ಳುವ ಗುಣ ಇದ್ದರೆ ಮಾತ್ರ ಬರುತ್ತದೆ.

ಹಾಸನದ ಹುಡುಗ:

ಸರ್, ಓದಿ ತುಂಬಾ ಖುಷಿಯಾಯಿತು. ಒಂದು ಅನುಮಾನ. ರೆಡ್ಡಿಯವರಂಥವರು ಎಲ್ಲೋ ಒಬ್ಬರು ಇರಬಹುದು. ಅದನ್ನೇ ನಂಬಿಕೊಂಡು ಲ್ಯಾಬ್ ಆರಿಸುವುದು ಹೇಗೆ? ಬೇರೆ ಕಡೆಯೂ ಹೀಗೆ ಆಗಿದೆಯಾ?

ಬೇ ಏರಿಯಾ ಕನ್ನಡತಿ:

ಆಗಿದೆ ತಮ್ಮಾ. ನಾನು ಇರುವ ಜಾಗದಿಂದ ಗುಡ್ಡದ ಮೇಲೆ ಕಾಣುವ ಲ್ಯಾಬಿನ ಕಥೆ ಹೇಳುತ್ತೇನೆ. ಬರ್ಕ್ಲಿ ಲ್ಯಾಬ್ ಅನ್ನುತ್ತಾರೆ, ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ ಸರ್ಕಾರಕ್ಕಾಗಿ ನಡೆಸುವ ಲ್ಯಾಬ್. 1931ರಲ್ಲಿ ಅರ್ನೆಸ್ಟ್ ಲಾರೆನ್ಸ್ ಶುರುಮಾಡಿದ್ದು. ಅವರು ಸೈಕ್ಲೋಟ್ರಾನ್, ಅಂದರೆ ಕಣಗಳನ್ನು ಸುತ್ತಿಸಿ ವೇಗ ಕೊಡುವ ಯಂತ್ರ, ಮಾಡಿ 1939ರಲ್ಲಿ ನೊಬೆಲ್ ಪಡೆದವರು. ಅಂದರೆ ಹುಟ್ಟುವಾಗ ಅದು ಪರಮಾಣು ಒಡೆಯುವ ಲ್ಯಾಬ್. ಮನೆ ಕಿಟಕಿ, ಫ್ರಿಜ್ಜು, ಟ್ಯೂಬ್‌ಲೈಟಿಗೂ ಅದಕ್ಕೂ ಏನು ಸಂಬಂಧ?

1973ರಲ್ಲಿ ಆಂಡ್ರ್ಯೂ ಸೆಸ್ಲರ್ ಡೈರೆಕ್ಟರ್ ಆದರು. ಅವರೂ ಆಕ್ಸಲರೇಟರ್ ಫಿಸಿಕ್ಸ್‌ನವರೇ, ಕಾಗದದ ಮೇಲೆ ಥಿಯರಿ ಮಾಡುವವರು. ಆದರೆ ಬಂದ ತಕ್ಷಣ ಎನರ್ಜಿ ಮತ್ತು ಪರಿಸರಕ್ಕೆ ಬೇರೆಯೇ ಒಂದು ವಿಭಾಗ ಮಾಡಿದರು. ಅದನ್ನು ಮೊದಲು ನಡೆಸಿದ ಜ್ಯಾಕ್ ಹಾಲಂಡರ್ ನ್ಯೂಕ್ಲಿಯರ್ ಕೆಮಿಸ್ಟ್. ಅದೇ ವರ್ಷ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದವು, ಇಲ್ಲಿ ಪೆಟ್ರೋಲ್ ಬಂಕಿನ ಮುಂದೆ ಉದ್ದುದ್ದ ಸಾಲು.

ಈಗ ಆರ್ಟ್ ರೋಸೆನ್‌ಫೆಲ್ಡ್ ವಿಷಯ. ಫಿಸಿಕ್ಸ್‌ನ ದೊಡ್ಡ ಹೆಸರಾದ ಎನ್ರಿಕೊ ಫರ್ಮಿಯವರ ಕೊನೆಯ ಪಿಎಚ್‌ಡಿ ವಿದ್ಯಾರ್ಥಿಗಳಲ್ಲಿ ಒಬ್ಬರು ಅವರು. ಕಣಗಳ ಫಿಸಿಕ್ಸ್ ಮಾಡುತ್ತಾ, ಮುಂದೆ ನೊಬೆಲ್ ಪಡೆದ ಆಲ್ವಾರೆಜ್ ಅವರ ಗುಂಪಿನಲ್ಲಿದ್ದರು. 1973ರ ನವೆಂಬರಿನ ಒಂದು ಶುಕ್ರವಾರ ರಾತ್ರಿ ಮನೆಗೆ ಹೊರಡುವಾಗ, ತಮ್ಮ ಮಹಡಿಯಲ್ಲಿ ಯಾರೂ ಇಲ್ಲದ ಆಫೀಸುಗಳಲ್ಲಿ ಲೈಟು ಉರಿಯುತ್ತಿದ್ದುದನ್ನು ನೋಡಿದರು. ಸೋಮವಾರದವರೆಗೆ ಹಾಗೇ ಬಿಟ್ಟರೆ ಒಂದೊಂದು ಆಫೀಸಿಗೂ ಗ್ಯಾಲನ್‌ಗಟ್ಟಲೆ ಪೆಟ್ರೋಲು ಸುಟ್ಟ ಹಾಗೆ ಅಂತ ನಿಂತಲ್ಲೇ ಲೆಕ್ಕ ಹಾಕಿದರು. ಆರಿಸೋಣ ಅಂತ ಹೋದರೆ ಸ್ವಿಚ್ಚೇ ಸಿಗುತ್ತಿಲ್ಲ! ಬೀರುವಿನ ಹಿಂದೆ, ಪುಸ್ತಕದ ಕಪಾಟಿನ ಹಿಂದೆ, ಪೋಸ್ಟರಿನ ಕೆಳಗೆ. ಇಪ್ಪತ್ತು ಆಫೀಸಿನ ಲೈಟು ಆರಿಸುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಇದನ್ನು ಅವರೇ ಆಮೇಲೆ ಬರೆದುಕೊಂಡಿದ್ದಾರೆ. ಅಲ್ಲಿಂದ ಅವರ ಬದುಕೇ ತಿರುಗಿತು. 1975ರ ಹೊತ್ತಿಗೆ ಕಟ್ಟಡಗಳ ಎನರ್ಜಿಗೆ ಒಂದು ಕೇಂದ್ರವನ್ನೇ ಕಟ್ಟಿದರು.

ಒಂದು ದೊಡ್ಡ ಕಟ್ಟಡ ವರ್ಷಕ್ಕೆ ಎಷ್ಟು ಕರೆಂಟು ತಿನ್ನುತ್ತದೆ ಅಂತ ಗಂಟೆಗಂಟೆಗೆ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ ಅಲ್ಲಿಂದ ಬಂತು. ಕಣಗಳ ಫಿಸಿಕ್ಸ್‌ನವರಿಗೆ ರಾಶಿ ರಾಶಿ ಲೆಕ್ಕ ಕಂಪ್ಯೂಟರಿನಲ್ಲಿ ಮಾಡುವುದು ನೀರು ಕುಡಿದ ಹಾಗೆ, ಆಗಿನ ಕಟ್ಟಡದ ಇಂಜಿನಿಯರುಗಳಿಗೆ ಆ ಅಭ್ಯಾಸ ಅಷ್ಟು ಇರಲಿಲ್ಲ. ನಮ್ಮ ಕಡೆ ಟ್ಯೂಬ್‌ಲೈಟಿನ ಎಲೆಕ್ಟ್ರಾನಿಕ್ ಚೋಕ್ ಅನ್ನುತ್ತೇವಲ್ಲ, ಅದನ್ನು ಪರೀಕ್ಷೆ ಮಾಡಿ ಮಾರುಕಟ್ಟೆಗೆ ತರುವುದರಲ್ಲೂ ಆ ಲ್ಯಾಬಿನ ಕೈ ದೊಡ್ಡದು. ಬಿಸಿಲಿನ ಕಾವು ತಡೆಯುವ ಲೇಪನದ ಕಿಟಕಿ ಗಾಜಿನಲ್ಲೂ ಅಷ್ಟೇ. ರೋಸೆನ್‌ಫೆಲ್ಡ್ 2000ದಿಂದ 2010ರವರೆಗೆ ಕ್ಯಾಲಿಫೋರ್ನಿಯಾ ಎನರ್ಜಿ ಕಮಿಷನ್ನಿನಲ್ಲಿದ್ದು, 2017ರಲ್ಲಿ ತೀರಿಕೊಂಡರು.

ಅವರ ಹತ್ತಿರ ಪಿಎಚ್‌ಡಿ ಮಾಡಿದವರಲ್ಲಿ ಅಶೋಕ್ ಗಾಡ್ಗೀಳ್ ಒಬ್ಬರು. ಮುಂಬೈಯವರು, ಫಿಸಿಕ್ಸ್. ಆಮೇಲೆ ನೀರನ್ನು ಅಲ್ಟ್ರಾವಯಲೆಟ್ ಬೆಳಕಿನಿಂದ ಶುದ್ಧ ಮಾಡುವ ಯಂತ್ರ ಮಾಡಿದರು. ಸುಡಾನಿನ ಡಾರ್ಫರ್‌ನಲ್ಲಿ ನಿರಾಶ್ರಿತರ ಶಿಬಿರಕ್ಕೆ ಹೋಗಿ, ಅಲ್ಲಿನ ಹೆಂಗಸರು ಅಡುಗೆ ಮಾಡುವುದನ್ನು ನೋಡಿ, ಅದಕ್ಕೆ ತಕ್ಕ ಸೌದೆ ಒಲೆ ಮಾಡಿದರು. ಮೇಷ್ಟ್ರು ಹೇಳಿದ ಗುಣ ಅವರಲ್ಲೂ ಇದೆ.

ಸಬ್‌ಸ್ಟೇಷನ್ ಎಇ:

ಮೇಡಂ, ನೊಬೆಲ್ ಪಡೆದವರೆಲ್ಲ ಒಳ್ಳೆಯ ಮುಖ್ಯಸ್ಥರು ಅನ್ನುವ ಹಾಗೆ ಆಗುತ್ತಿದೆ ಈ ಮಾತು. ಅದನ್ನು ನಾನು ಒಪ್ಪುವುದಿಲ್ಲ.

ಬೇ ಏರಿಯಾ ಕನ್ನಡತಿ:

ನಾನೂ ಒಪ್ಪುವುದಿಲ್ಲ ಸರ್. ಒಂದು ಉದಾಹರಣೆ ಕೊಡುತ್ತೇನೆ. 2004ರಲ್ಲಿ ಅದೇ ಲ್ಯಾಬಿಗೆ ಸ್ಟೀವನ್ ಚೂ ಡೈರೆಕ್ಟರ್ ಆಗಿ ಬಂದರು. ಲೇಸರ್‌ನಿಂದ ಪರಮಾಣುಗಳನ್ನು ತಣ್ಣಗೆ ಮಾಡಿ ಹಿಡಿದಿಟ್ಟಿದ್ದಕ್ಕೆ 1997ರ ನೊಬೆಲ್. ಅವರು ಬಂದ ಮೇಲೆ ಸೂರ್ಯನ ಬೆಳಕಿನಿಂದ, ಗಿಡದ ನಾರಿನಿಂದ ಇಂಧನ ಮಾಡುವ ಕಡೆಗೆ ಲ್ಯಾಬ್ ಜೋರಾಗಿ ತಿರುಗಿತು. ಒಬ್ಬ ಮುಖ್ಯಸ್ಥ ಇಡೀ ಲ್ಯಾಬಿನ ಮುಖ ತಿರುಗಿಸಬಲ್ಲ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆದರೆ 2007ರಲ್ಲಿ ಬಿಪಿ ಕಂಪನಿ 10 ವರ್ಷಕ್ಕೆ 50 ಕೋಟಿ ಡಾಲರ್ ಕೊಡುತ್ತೇನೆ ಅಂತ ಬಂದಾಗ, ಬರ್ಕ್ಲಿಯ ಎಷ್ಟೋ ಪ್ರೊಫೆಸರುಗಳು, ವಿದ್ಯಾರ್ಥಿಗಳು ಎದುರು ನಿಂತರು. ಎಣ್ಣೆ ಕಂಪನಿಯ ದುಡ್ಡಿನಲ್ಲಿ ಯೂನಿವರ್ಸಿಟಿ ಯಾವ ಪ್ರಶ್ನೆ ಕೇಳುತ್ತದೆ, ಯಾವುದನ್ನು ಬಿಡುತ್ತದೆ ಅನ್ನುವುದು ಅವರ ಆತಂಕ. ಆಗ ಬಿಪಿಯಲ್ಲಿ ಮುಖ್ಯ ವಿಜ್ಞಾನಿಯಾಗಿದ್ದ ಸ್ಟೀವನ್ ಕೂನಿನ್ ಕೂಡ ಫಿಸಿಕ್ಸ್‌ನವರೇ, ಅದಕ್ಕೂ ಮೊದಲು ಯೂನಿವರ್ಸಿಟಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. 2009ರಲ್ಲಿ ಚೂ ಅಮೆರಿಕದ ಎನರ್ಜಿ ಮಂತ್ರಿಯಾದರು, ಕೂನಿನ್ ಅದೇ ಇಲಾಖೆಗೆ ಬಂದರು. ಇದರಲ್ಲಿ ತಪ್ಪು ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಹಿನ್ನೆಲೆ ಅಂದಾಗ ಡಿಗ್ರಿಯನ್ನಷ್ಟೇ ನೋಡಬೇಡ ತಮ್ಮಾ. ಲ್ಯಾಬಿಗೆ ದುಡ್ಡು ಎಲ್ಲಿಂದ ಬರುತ್ತದೆ, ಮುಖ್ಯಸ್ಥರು ಹಿಂದೆ ಯಾವ ಕಂಪನಿ, ಯಾವ ಇಲಾಖೆಯಲ್ಲಿದ್ದರು, ಅಲ್ಲಿನವರ ಜೊತೆ ಇನ್ನೂ ಹೇಗಿದ್ದಾರೆ ಅನ್ನುವುದೂ ಹಿನ್ನೆಲೆಯೇ. ನನ್ನ ಲೆಕ್ಕದಲ್ಲಿ ಡಿಗ್ರಿಗಿಂತ ಅದೇ ಜಾಸ್ತಿ.

ಕುಣಿಗಲ್ ಕಡೆಯವಳು:

ಎಲ್ಲರ ಮಾತನ್ನೂ ಓದಿದೆ. ನಾನು ವಿಜ್ಞಾನ ಓದಿದವಳಲ್ಲ, ಬ್ಯಾಂಕಿನಲ್ಲಿ ಕೆಲಸ. ಆದರೆ ನಮ್ಮ ಅಜ್ಜಿಯ ಅಡುಗೆಮನೆಯಲ್ಲಿ ಅಸ್ತ್ರ ಒಲೆ ಇತ್ತು. ಒಂದು ಸಾಲಿನಲ್ಲಿ ಮೂರು ಪಾತ್ರೆ ಇಡುವ ಮಣ್ಣಿನ ಒಲೆ, ಹಿಂದೆ ಹೊಗೆ ಕೊಳವೆ. ಮೊದಲನೆಯದರಲ್ಲಿ ಮುದ್ದೆಗೆ ಎಸರು, ಎರಡನೆಯದರಲ್ಲಿ ಸಾರು, ಕೊನೆಯದರಲ್ಲಿ ನೀರು ಕಾಯುತ್ತಿತ್ತು. ಅದು ಬರುವುದಕ್ಕೆ ಮೊದಲು ಅಜ್ಜಿ ಊದುಗೊಳವೆ ಹಿಡಿದು ಊದಿ ಊದಿ ಕಣ್ಣಲ್ಲಿ ನೀರು ಸುರಿಸುತ್ತಾ ಅಡುಗೆ ಮಾಡುತ್ತಿದ್ದಳು ಅಂತ ಅಮ್ಮ ಈಗಲೂ ಹೇಳುತ್ತಾಳೆ. ನನ್ನ ನೆನಪಿನಲ್ಲಿ ಇರುವುದು ಕರಿ ಹಿಡಿಯದ ಗೋಡೆ. ಅಜ್ಜಿ ಅದಕ್ಕೆ ಪ್ರತಿ ಶುಕ್ರವಾರ ಸಗಣಿ ಸಾರಿಸಿ ರಂಗೋಲಿ ಇಡುತ್ತಿದ್ದಳು.

ಅದೇ ಊರಿನಲ್ಲಿ ಕೆಲವು ವರ್ಷದ ನಂತರ ಬೇರೆ ಯಾರೋ ಬಂದು ಬೇರೆ ಥರದ ಹೊಗೆಯಿಲ್ಲದ ಒಲೆ ಕಟ್ಟಿಕೊಟ್ಟು ಹೋದರು. ಸೌದೆ ಹಾಕುವ ಬಾಯಿ ಚಿಕ್ಕದು. ನಮ್ಮ ಕಡೆ ಉರಿಸುವುದು ತೆಂಗಿನ ಗರಿ, ಮಟ್ಟೆ. ಅದು ಒಳಗೇ ಹೋಗುತ್ತಿರಲಿಲ್ಲ. ಹೆಂಗಸರು ಒಂದೇ ತಿಂಗಳಿಗೆ ಒಡೆದು ಹಾಕಿದರು. ಯಾರೂ ವಾಪಸ್ ಬಂದು ಯಾಕೆ ಒಡೆದಿರಿ ಅಂತ ಕೇಳಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಸೌದೆ ಹೊತ್ತವರು ಹೆಂಗಸರು, ಒಲೆ ಊದಿದವರು ಹೆಂಗಸರು. ಲ್ಯಾಬ್ ನಡೆಸಿದವರ ಪಟ್ಟಿಯಲ್ಲಿ ಮೇಷ್ಟ್ರಾಗಲಿ ಅಕ್ಕನಾಗಲಿ ಇಲ್ಲಿಯವರೆಗೆ ಒಬ್ಬ ಹೆಂಗಸಿನ ಹೆಸರೂ ಹೇಳಲಿಲ್ಲ. ಅದು ಹಿನ್ನೆಲೆಯ ಮಾತಲ್ವಾ?

ತುಮಕೂರು ಕೆಮಿಸ್ಟ್ರಿ ಮೇಷ್ಟ್ರು:

ನೀವು ಹೇಳಿದ್ದು ಸರಿ ತಾಯಿ. ನಾನೇ ಮೊದಲು ಹೇಳಬೇಕಿತ್ತು. ನಿಮ್ಮ ಅಜ್ಜಿಯ ಆ ಮೂರು ಪಾತ್ರೆಯ ಒಲೆಯನ್ನು ರೂಪಿಸಿದ ತಂಡದಲ್ಲಿ ಸ್ವಾತಿ ಭೋಗಲೆ ಇದ್ದರು. ಲೋಕ್ರಸ್, ಜಗದೀಶ್ ಇವರ ಜೊತೆ. ಮುಂದೆ ಸ್ವಾತಿಯವರು ಬೆಂಗಳೂರಿನಲ್ಲಿ 'ಟೈಡ್' ಅನ್ನುವ ಸಂಸ್ಥೆ ನಡೆಸಿ, ಹಳ್ಳಿಯ ಹೆಂಗಸರಿಗೇ ಒಲೆ ಕಟ್ಟುವುದನ್ನು ಕಲಿಸಿದರು. ಒಲೆ ಕಟ್ಟುವವರೇ ಅಡುಗೆ ಮಾಡುವವರಾದರೆ ಬಾಯಿ ಎಷ್ಟು ಅಗಲ ಇರಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ನಿಮ್ಮ ಮಾತು ನಿಲ್ಲುತ್ತದೆ. ಆ ಕಾಲದಲ್ಲಿ ಮುಖ್ಯಸ್ಥರ ಕುರ್ಚಿಯಲ್ಲಿ ಕೂತವರು ಗಂಡಸರೇ.

ಅಸ್ತ್ರದ ಸುತ್ತ ಇದ್ದ ಉಳಿದವರನ್ನೂ ಹೇಳಿಬಿಡುತ್ತೇನೆ, ಹುಡುಗನಿಗೆ ಉಪಯೋಗವಾಗಬಹುದು. ಕೆ. ಎಸ್. ಜಗದೀಶ್ ಸಿವಿಲ್ ಇಂಜಿನಿಯರಿಂಗ್‌ನವರು. ಸುಡದ ಮಣ್ಣಿನ ಇಟ್ಟಿಗೆ, ಅಂದರೆ ಸ್ವಲ್ಪ ಸಿಮೆಂಟು ಸೇರಿಸಿ ಒತ್ತಿ ಮಾಡುವ ಬ್ಲಾಕು, ಅವರ ದೊಡ್ಡ ಕೆಲಸ. ಇಟ್ಟಿಗೆ ಗೂಡಿನಲ್ಲಿ ಉರಿಯುವ ಸೌದೆ ಉಳಿಯಿತು ಅಂದರೆ ಅದೂ ಎನರ್ಜಿಯೇ ಅಲ್ವಾ? ಎನ್. ಎಚ್. ರವೀಂದ್ರನಾಥ್ ಕಾಡು, ಗಿಡಮರದ ಕಡೆಯಿಂದ ಬಂದವರು. ಎಚ್. ಎಸ್. ಮುಕುಂದ ಏರೋಸ್ಪೇಸ್ ವಿಭಾಗದವರು, ರಾಕೆಟ್ಟಿನೊಳಗೆ ಇಂಧನ ಹೇಗೆ ಉರಿಯುತ್ತದೆ ಅನ್ನುವುದು ಅವರ ಓದು. ಸೌದೆಯಿಂದ ಗ್ಯಾಸ್ ತೆಗೆದು ಇಂಜಿನ್ ಓಡಿಸುವ ಗ್ಯಾಸಿಫೈಯರ್ ಅವರ ಲ್ಯಾಬಿನಿಂದ ಬಂತು. 1988ರಲ್ಲಿ ಅದು ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಗೆ ಹೋಯಿತು. ಆಗ ಆ ಊರಿಗೆ ಕರೆಂಟೇ ಇರಲಿಲ್ಲ. ಮೊದಲು 3.7 ಕಿಲೋವ್ಯಾಟ್, ಆಮೇಲೆ 20. ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ಎಲ್ಲ ಅದರಲ್ಲೇ ನಡೆಯಿತು. ಆ ಸೌದೆಯನ್ನು ಊರಿನಲ್ಲೇ ಬೆಳೆಯಬೇಕಲ್ಲ, ಅದಕ್ಕೆ ಗಿಡಮರದವರು ಬೇಕೇಬೇಕು. ಹುಡುಗ, ನಿನ್ನ ಮೊದಲ ಪತ್ರದಲ್ಲಿ ಇರುವ ಲೇಸರ್, ಏರೋಸ್ಪೇಸ್, ಗಿಡಮರ, ಈ ಮೂರನ್ನೂ ಇನ್ನೊಮ್ಮೆ ಓದಿಕೋ. ಹೊಂಗೆ ಎಣ್ಣೆಯಿಂದ ಡೀಸೆಲ್ ಇಂಜಿನ್ ಓಡಿಸಿದ ಯು. ಶ್ರೀನಿವಾಸ ಕೂಡ ಅದೇ ಸಂಸ್ಥೆಯವರು, ಮೆಕ್ಯಾನಿಕಲ್. ಹೊಂಗೆ ಎಣ್ಣೆ ದೀಪ ನಮ್ಮ ಅಜ್ಜಂದಿರ ಕಾಲದ್ದು. ಅದನ್ನು ಇಂಜಿನ್ನಿಗೆ ಹಾಕಬಹುದು ಅಂತ ಹೊಳೆಯುವುದಕ್ಕೆ ಹಳ್ಳಿ ಗೊತ್ತಿರಬೇಕು.

ಇನ್ನೊಂದು ಮಾತು. 1988ರಲ್ಲಿ ಇಡೀ ಜಗತ್ತಿನ ಎನರ್ಜಿ ಬಗ್ಗೆ ನಾಲ್ವರು ಸೇರಿ ಒಂದು ದೊಡ್ಡ ಪುಸ್ತಕ ಬರೆದರು. ರೆಡ್ಡಿಯವರು ಒಬ್ಬರು. ಬ್ರೆಜಿಲ್‌ನ ಗೋಲ್ಡೆಂಬರ್ಗ್, ಸ್ವೀಡನ್ನಿನ ಯೋಹಾನ್ಸನ್, ಅಮೆರಿಕದ ವಿಲಿಯಮ್ಸ್ ಉಳಿದ ಮೂವರು. ಆ ಮೂವರೂ ಫಿಸಿಕ್ಸ್‌ನಿಂದ ಬಂದವರು. ಜನರಿಗೆ ಬೇಕಾಗಿರುವುದು ಟನ್ ಕಲ್ಲಿದ್ದಲಲ್ಲ, ಬೆಂದ ಅನ್ನ, ಬೆಳಕು, ನೀರು, ಅಲ್ಲಿಂದ ಲೆಕ್ಕ ಶುರು ಮಾಡಿ ಅನ್ನುವುದು ಅವರ ವಾದ. 2000ದಲ್ಲಿ ನಾಲ್ವರಿಗೂ ಸೇರಿ ವೋಲ್ವೋ ಪರಿಸರ ಪ್ರಶಸ್ತಿ ಬಂತು.

ಹಾಸನದ ಹುಡುಗ:

ಎಇ ಸರ್, ಬೇಜಾರು ಮಾಡಿಕೊಳ್ಳಬೇಡಿ, ಒಂದು ಕೇಳಲೇ? ಆ ಸೋಲಾರ್ ಪಂಪು ಹಾಕಿದ ತಂಡದ ಮುಖ್ಯಸ್ಥರು ಏನು ಓದಿದ್ದರು?

ಸಬ್‌ಸ್ಟೇಷನ್ ಎಇ:

ಕೇಳಿದೆಯಲ್ಲ, ಹೇಳುತ್ತೇನೆ. ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪ್ರೊಫೆಸರ್. ನನ್ನ ಹಾಗೇ.

ನಿನ್ನೆ ರಾತ್ರಿಯಿಂದ ಇದನ್ನೇ ಯೋಚಿಸುತ್ತಿದ್ದೆ. ಅವರಿಗೆ ಮೋಟಾರು ನನಗಿಂತ ಚೆನ್ನಾಗಿ ಗೊತ್ತಿತ್ತು. ಬಾವಿ ಹತ್ತಿರ ಬೇಸಿಗೆಯಲ್ಲಿ ಹೋಗಿ ನಿಂತಿರಲಿಲ್ಲ, ಅಷ್ಟೇ. ಹೋಗಿದ್ದು ನವೆಂಬರಿನಲ್ಲಿ, ಬಾವಿ ತುಂಬಿದ್ದಾಗ. ಹಾಗಾಗಿ ಓದಿನ ವಿಷಯದಲ್ಲಿ ನಾನು ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ಒಂದನ್ನು ಬಿಡುವುದಿಲ್ಲ. ಗ್ರಿಡ್ ಗೊತ್ತಿರುವವರು ಲ್ಯಾಬಿನಲ್ಲಿ ಇರಲೇಬೇಕು. ಮುಖ್ಯಸ್ಥರು ಯಾರೇ ಆಗಲಿ, ಪಕ್ಕದಲ್ಲಿ ಒಬ್ಬ ಲೈನ್ ಗೊತ್ತಿರುವವನು ಬೇಕು, ಅವನು ಬೇಡ ಅಂದಾಗ ಅವರು ನಿಲ್ಲಿಸಬೇಕು. ಮೇಷ್ಟ್ರೇ, ರೆಡ್ಡಿಯವರು ನಮ್ಮ ಕರೆಂಟಿನ ಬಗ್ಗೆಯೂ ಏನೋ ಮಾಡಿದ್ದರು ಅಂತ ನಮ್ಮ ಹಳೆಯ ಎಕ್ಸಿಕ್ಯೂಟಿವ್ ಇಂಜಿನಿಯರ್ ಹೇಳುತ್ತಿದ್ದರು.

ತುಮಕೂರು ಕೆಮಿಸ್ಟ್ರಿ ಮೇಷ್ಟ್ರು:

ಹೌದು. 1987ರಲ್ಲಿ ರಾಜ್ಯದ ಒಂದು ಕಮಿಟಿ, 2000ದ ಹೊತ್ತಿಗೆ ಕರ್ನಾಟಕಕ್ಕೆ ಇಷ್ಟು ವಿದ್ಯುತ್ ಬೇಕು ಅಂತ ಒಂದು ದೊಡ್ಡ ಲೆಕ್ಕ ಕೊಟ್ಟಿತ್ತು. ರೆಡ್ಡಿಯವರ ತಂಡ ಬೇರೆ ತುದಿಯಿಂದ ಹೊರಟಿತು. ಎಲ್ಲ ಮನೆಗೂ ಕರೆಂಟು ಕೊಡೋಣ, ಬುರುಡೆ ಬಲ್ಬಿನ ಜಾಗಕ್ಕೆ ಸಿಎಫ್‌ಎಲ್, ಗೀಸರಿನ ಜಾಗಕ್ಕೆ ಸೋಲಾರ್ ವಾಟರ್ ಹೀಟರ್, ರೈತರ ನೀರಾವರಿ ಪಂಪಿಗೆ, ಅಂದರೆ ಐಪಿ ಸೆಟ್ಟಿಗೆ, ಪೈಪಿನ ಕೆಳತುದಿಯಲ್ಲಿ ಒಳ್ಳೆಯ ಫುಟ್‌ವಾಲ್ವು, ಸರಿಯಾದ ಪೈಪು, ಹೀಗೆ ಮಾಡುತ್ತಾ ಹೋದರೆ ಎಷ್ಟು ಸಾಕು? ಕಮಿಟಿ ಹೇಳಿದ್ದರ ಅರ್ಧಕ್ಕಿಂತ ಕಡಿಮೆ ಸಾಕು ಅಂತ ತೋರಿಸಿದರು. 1991ರಲ್ಲಿ ಅದು ಪ್ರಕಟವಾಯಿತು. ಈಗ ಬೆಂಗಳೂರಿನ ಯಾವ ತಾರಸಿ ನೋಡಿದರೂ ಸೋಲಾರ್ ವಾಟರ್ ಹೀಟರ್ ಕಾಣುತ್ತದೆ.

ಸಬ್‌ಸ್ಟೇಷನ್ ಎಇ:

ಫುಟ್‌ವಾಲ್ವಿನವರೆಗೆ ಹೋಗಿದ್ದರಾ ಅವರು! ನಮ್ಮಲ್ಲೇ ಎಷ್ಟೋ ಜನ ಅಲ್ಲಿಯವರೆಗೆ ಹೋಗುವುದಿಲ್ಲ. ಕೆಟ್ಟ ಫುಟ್‌ವಾಲ್ವು, ಸಣ್ಣ ಪೈಪು, ಮೂರು ಸಲ ವೈಂಡಿಂಗ್ ಮಾಡಿಸಿದ ಮೋಟಾರು. ಕರೆಂಟು ಎಲ್ಲ ಅಲ್ಲೇ ಹೋಗುತ್ತದೆ. ಒಬ್ಬ ಕೆಮಿಸ್ಟ್ ಅದನ್ನು ಹಿಡಿದರು ಅಂದರೆ ನಾನು ಕೈ ಮುಗಿಯುತ್ತೇನೆ.

ಕುಣಿಗಲ್ ಕಡೆಯವಳು:

ತಮ್ಮಾ, ನೀನು ಲ್ಯಾಬಿಗೆ ಹೋದಾಗ ಒಂದು ಕೇಳು. ನೀವು ಮಾಡಿದ ಯಾವ ವಸ್ತುವನ್ನು ಜನ ಒಡೆದು ಹಾಕಿದರು, ಆಮೇಲೆ ನೀವು ಏನು ಮಾಡಿದಿರಿ ಅಂತ. ಉತ್ತರ ಹೇಳುವಾಗ ಮುಖ ನೋಡು.

ಬೇ ಏರಿಯಾ ಕನ್ನಡತಿ:

ಅದರ ಜೊತೆ, ಅಲ್ಲಿಂದ ಪಿಎಚ್‌ಡಿ ಮುಗಿಸಿ ಹೋದವರನ್ನು ಹುಡುಕಿ ಮಾತಾಡು. ಈಗ ಇರುವವರು ಪೂರ್ತಿ ಹೇಳಲಾರರು, ಅವರ ಥೀಸಿಸ್‌ಗೆ ಮುಖ್ಯಸ್ಥರ ಸಹಿ ಇನ್ನೂ ಆಗಬೇಕು. ಹೋದವರು ಹೇಳುತ್ತಾರೆ. ಮುಖ್ಯಸ್ಥರು ತಮ್ಮ ಹಳೆಯ ವಿಷಯದಲ್ಲೇ ಪೇಪರ್ ಬರೆಸುತ್ತಿದ್ದಾರಾ, ಎನರ್ಜಿ ಅನ್ನುವುದು ಬರೀ ಬೋರ್ಡಿನ ಮೇಲಿನ ಹೆಸರಾ ಅನ್ನುವುದು ಅವರಿಂದಲೇ ಗೊತ್ತಾಗುವುದು. ಹಾಗೂ ಇರುತ್ತದೆ. ನಾನು ಓದಿದ ಒಂದು ಕಡೆ ಹಾಗೇ ಇತ್ತು, ಎರಡು ವರ್ಷ ಹೋದ ಮೇಲೆ ನನಗೆ ಅರ್ಥವಾಯಿತು. ಆ ಎರಡು ವರ್ಷ ನಿನಗೆ ಹೋಗುವುದು ಬೇಡ.

ಹಾಸನದ ಹುಡುಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಮೊದಲನೇ ಲ್ಯಾಬಿನ ಮುಖ್ಯಸ್ಥರಿಗೇ ಮೇಲ್ ಹಾಕಿದೆ. ಕುಣಿಗಲ್ ಅಕ್ಕ ಹೇಳಿದ ಪ್ರಶ್ನೆಯನ್ನೇ ಕೇಳಿದೆ, ಸ್ವಲ್ಪ ಮೆತ್ತಗೆ. ಮಧ್ಯಾಹ್ನವೇ ಉತ್ತರ ಬಂತು. ಅವರ ತಂಡ ಒಂದು ಕಡೆ ಬೆಲ್ಲದ ಆಲೆಮನೆಗೆ ಹೊಸ ಒಲೆ ಕಟ್ಟಿತ್ತಂತೆ, ಆಲೆಮನೆಯವರು ಎರಡನೇ ವರ್ಷ ಅದನ್ನು ಬಿಟ್ಟು ಹಳೆಯದಕ್ಕೇ ವಾಪಸ್ ಹೋದರಂತೆ. ಯಾಕೆ ಅಂತ ತಮಗೆ ಪೂರ್ತಿ ಅರ್ಥವಾಗಿಲ್ಲ, ಈ ಸಲ ಕಬ್ಬು ಅರೆಯುವಾಗ ಹದಿನೈದು ದಿನ ಅಲ್ಲೇ ಇರುವುದಕ್ಕೆ ಒಬ್ಬರು ಬೇಕು, ಬರುತ್ತೀಯಾ ಅಂತ ಕೇಳಿದ್ದಾರೆ. ಇನ್ನೊಂದು ಲ್ಯಾಬಿಗೂ ಅದೇ ಪ್ರಶ್ನೆ ಕಳಿಸಿದ್ದೇನೆ, ಉತ್ತರಕ್ಕೆ ಕಾಯುತ್ತಿದ್ದೇನೆ. ಚಿಕ್ಕಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. "ಆಲೆಮನೆಗೆ ಹೋಗಿ ಬಾ, ಆಮೇಲೆ ಮಾತಾಡೋಣ" ಅಂದರು.

ಸಬ್‌ಸ್ಟೇಷನ್ ಎಇ:

ಹೋಗು. ಹೋಗುವುದಕ್ಕೆ ಮೊದಲು ಎರಡು ದಿನ ನಮ್ಮ ಸೆಕ್ಷನ್ನಿಗೂ ಬಾ. ಐಪಿ ಸೆಟ್ಟುಗಳ ಲೋಡು ನೋಡುವುದನ್ನು ಕಲಿಸಿಕೊಡುತ್ತೇನೆ. ಒಂದು ಕ್ಲ್ಯಾಂಪ್ ಮೀಟರ್ ಇದ್ದರೆ ತಾ, ಇಲ್ಲದಿದ್ದರೆ ನನ್ನದೇ ಇದೆ. ಬೆಳಿಗ್ಗೆ ಆರಕ್ಕೇ ಬರಬೇಕು, ಈಗ ನಮ್ಮಲ್ಲಿ ತ್ರೀ ಫೇಸ್ ಕೊಡುವುದು ಆವಾಗಲೇ.